ಮನೆಯ ಸರ್ವರ್ ಮತ್ತು ಜಾಲವಿನ್ಯಾಸ: ಫ್ರೀಡಂಬಾಕ್ಸ್ ತಂತ್ರಾಂಶದ ವಿಮರ್ಶೆ

ಚಿಂಚೋಳಿ ತಾಲ್ಲೂಕಿನ ಐನಾಪುರದ ಅಧ್ಯಾಪಕರೊಬ್ಬರು ತಮ್ಮಲ್ಲಿರುವ ಓಲೆಗರಿಯ ಪ್ರತಿಗಳ ಛಾಯಾಚಿತ್ರಗಳನ್ನು ಮನೆಯ ಸರ್ವರಿನಲ್ಲಿಟ್ಟು, ಕಲಬುರಗಿಯ ವಿದ್ವನ್ಮಿತ್ರರಿಗೆ ಅಲ್ಲಿಂದಲೇ ತೋರಿಸಬಯಸಿದರೆನ್ನೋಣ. ಇಂತಹ ಕಾರ್ಯಕ್ಕೊದಗುವ ತಂತ್ರಾಂಶಗಳಲ್ಲಿ ಫ್ರೀಡಂಬಾಕ್ಸ್ ಗಣನೀಯವಾದುದು. 2010ರಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕರಾದ ಎಬೆನ್ ಮೋಗ್ಲೆನ್ ಅವರು ಸೂಚಿಸಿದ ಈ ಯೋಜನೆಯು ಡೆಬಿಯನ್ ವ್ಯವಸ್ಥೆಯನ್ನು ಆಧರಿಸಿದೆ.

ಜಾಲವಿನ್ಯಾಸದಲ್ಲಿ ಒಂದೇ ಕಟ್ಟಿಗೆ ಬಳಕೆದಾರನನ್ನು ಬಿಗಿಯದಿರುವುದೇ ಇದರ ಮುಖ್ಯ ಗುಣ. ಪೆಟ್ಟಿಗೆಯು ರೌಟರಿನ ಹಿಂದಿದೆಯೋ, ತಾನೇ ರೌಟರಾಗಬೇಕೋ, ನೇರವಾಗಿ ಅಂತರ್ಜಾಲಕ್ಕೆ ಸೇರಿದೆಯೋ ಎಂದು ಮೊದಲೇ ವಿಚಾರಿಸುತ್ತದೆ. ಮನೆಗೆ ಸಾರ್ವಜನಿಕ ವಿಳಾಸವುಂಟೇ ಎಂದೂ ಕೇಳಿ, ‘ಗೊತ್ತಿಲ್ಲ’ ಎಂಬ ಉತ್ತರಕ್ಕೂ ಎಡೆಯಿತ್ತಿರುವುದು ಶ್ಲಾಘ್ಯ. ಆ ಉತ್ತರವನ್ನೇ ಆರಿಸುವವರು ನಮ್ಮಲ್ಲಿ ಬಹುಮಂದಿ!

ತೊಡಕಿರುವುದು ಇಲ್ಲಿಯೇ. ನಾಲ್ಕನೆಯ ಆವೃತ್ತಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಅವು ಸಾಲದುದರಿಂದ ಸಂಪರ್ಕ ಕೊಡುವ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ವಿಳಾಸದ ಮರೆಯಲ್ಲಿಡುವುದುಂಟು. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳು ಮೀಸಲಾದುವು. ರೌಟರಿನ ಹೊರಮುಖದಲ್ಲಿ ಅಂತಹ ಅಂಕೆ ಕಂಡುಬಂದರೆ, ಮನೆಯಲ್ಲಿ ಎಷ್ಟು ಬಾಗಿಲು ತೆರೆದಿಟ್ಟರೂ ಹೊರಗಿನ ಕರೆಯು ಆ ದಾರಿಯಲ್ಲಿ ಒಳಗೆ ಬಾರದು.

ಫ್ರೀಡಂಬಾಕ್ಸ್ ಇದಕ್ಕೆ ಪೇಜ್‌ಕೈಟ್, ಟಾರ್ ಎಂಬ ಬಳಸುದಾರಿಗಳನ್ನು ಒದಗಿಸಿದೆ. ಮೊದಲನೆಯದರಲ್ಲಿ ಅನ್ಯರ ಸರ್ವರಿನ ಹಂಗು ತಪ್ಪದು. ಸ್ವಾತಂತ್ರ್ಯವನ್ನೇ ಹೆಸರಾಗಿ ಹೊತ್ತ ಪೆಟ್ಟಿಗೆಗೆ ಇದು ಒಪ್ಪುವ ಮಾತಲ್ಲ. ಎರಡನೆಯದರಲ್ಲಿ ಓದುವವರೂ ಟಾರ್ ಬ್ರೌಸರನ್ನು ಇಟ್ಟುಕೊಂಡು ಅದರ ನಿಧಾನಗತಿಯನ್ನು ಸಹಿಸಬೇಕು. ಐನಾಪುರದ ಅಧ್ಯಾಪಕರು ಮನೆಯೊಳಗಣ ಬಳಕೆಗೆ ಇದನ್ನು ನಿಶ್ಶಂಕೆಯಾಗಿ ಇಟ್ಟುಕೊಳ್ಳಬಹುದು. ಕಲಬುರಗಿಗೆ ಓಲೆಗಳನ್ನು ತೋರಿಸುವುದಾದರೆ, ಕಂಪನಿಯಿಂದ ಸಾರ್ವಜನಿಕ ವಿಳಾಸವನ್ನು ಮೊದಲು ಕೇಳಿ ಪಡೆಯುವುದು ಲೇಸು.