ಉಮಾಶ್ರೀಯವರ ಅಭಿನಯದಲ್ಲಿ ಆಸೆಯ ಮರ್ಯಾದೆ

ನಗಿಸುವ ನಟನಿಗೆ ಜನರ ಪ್ರೀತಿ ಬೇಗ ದೊರೆಯುತ್ತದೆ. ವಿಮರ್ಶಕರ ಮನ್ನಣೆ ತಡವಾಗಿ ದೊರೆಯುತ್ತದೆ. ನಗಿಸುವವಳು ಹೆಂಗಸಾದರೆ ಆ ಪ್ರೀತಿಯೂ ಪೂರ್ಣ ಮರ್ಯಾದೆಯೊಡನೆ ಬರುವುದಿಲ್ಲ. ಆಕೆಯ ಮಾತಿಗೆ ಕೊಟ್ಟಕಾಸಿನ ಬೆಲೆ ಬಂದಿತೆಂದು ನಕ್ಕವರೇ ಮನೆಗೆ ಹೋದಮೇಲೆ ಆಕೆಯ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳುವುದುಂಟು. ಕನ್ನಡದ ರಂಗಭೂಮಿಯಲ್ಲಿಯೂ ಚಲಚ್ಚಿತ್ರದಲ್ಲಿಯೂ ದೊಡ್ಡ ಹೆಸರನ್ನು ಪಡೆದಿರುವ ಶ್ರೀಮತಿ ಉಮಾಶ್ರೀಯವರ ಕಲಾಜೀವನವನ್ನು ಪರಿಶೀಲಿಸುವವರಿಗೆ ಮೊದಲು ಎದುರಾಗುವ ಪ್ರಶ್ನೆ ಇದೇ. ಇವರ ಹಾಸ್ಯವೊಂದು ಕಡೆ, ಗಂಭೀರಾಭಿನಯವೊಂದು ಕಡೆ ಎಂದು ಎರಡು ಭಾಗ ಮಾಡಿ, ಮೊದಲನೆಯದನ್ನು ಕ್ಷಮಿಸಿ ಎರಡನೆಯದನ್ನು ಹೊಗಳುವ ವಾಡಿಕೆ ಬೆಳೆದುಬಂದಿದೆ. ಈ ವಿಭಾಗವು ಸರಿಯೇ ಎಂಬುದನ್ನು ವಿಚಾರಿಸಬೇಕಾಗಿದೆ.

ಉಮಾಶ್ರೀಯವರು 1957ರಲ್ಲಿ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಜನಿಸಿದರು. ಗುಬ್ಬಿ ವೀರಣ್ಣನವರ ಜಿಲ್ಲೆಯೂ ಅದೇ. ವೀರಣ್ಣನವರು ಕಂಪನಿಯ ಯಜಮಾನರಾಗಿದ್ದೂ ಹಾಸ್ಯಪಾತ್ರವನ್ನು ಕೀಳೆಂದು ಎಣಿಸಲಿಲ್ಲ. ‘ಸದಾರಮೆ’ಯ ಕಳ್ಳನ ಪಾತ್ರದಿಂದಲೇ ಜನರ ಮನಸ್ಸಿನಲ್ಲಿ ನೆಲೆನಿಂತರು. ಹಾಸ್ಯಗಾರನೇ ಯಜಮಾನನಾಗಿದ್ದ ಆ ರಂಗಪರಂಪರೆಯಲ್ಲಿ ನಗೆಗೆ ಗೌರವವಿತ್ತು. ಆ ಗೌರವವು ಕಾಲಕ್ರಮದಲ್ಲಿ ಕ್ಷೀಣಿಸಿತು. ಚಲಚ್ಚಿತ್ರವು ಬಲವಾದ ಮೇಲೆ ಹಾಸ್ಯವೆಂಬುದು ಕಥೆಯ ನಡುವೆ ಬಿಡುವಿಗಾಗಿ ತುರುಕುವ ವಸ್ತುವಾಯಿತು. ಉಮಾಶ್ರೀಯವರು ತೆರೆಯ ಮೇಲೆ ಬಂದುದು ಇಂತಹ ಕಾಲದಲ್ಲಿ.

ಇವರ ಕಲೆಯ ತಾಯಿಬೇರು ಇರುವುದು ರಂಗಭೂಮಿಯಲ್ಲಿ. ಅದನ್ನು ಕಾಣಲು ‘ಒಡಲಾಳ’ದ ಸಾಕವ್ವನೊಬ್ಬಳೇ ಸಾಕು. ದೇವನೂರ ಮಹಾದೇವ ಅವರ ಈ ಕೃತಿಯನ್ನು ಸಿ. ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಸಾಕವ್ವನ ಪಾತ್ರವು ಉಮಾಶ್ರೀಯವರ ಪಾಲಿಗೆ ಬಂದಿತು. ಕಥೆಯಲ್ಲಿ ದೊಡ್ಡ ಘಟನೆಗಳಿಲ್ಲ. ದಲಿತರ ಕೇರಿಯ ಮುದುಕಿಯೊಬ್ಬಳ ಹುಂಜ ಕಳೆದುಹೋಗಿದೆ. ಆಕೆ ಅದನ್ನು ಹುಡುಕುತ್ತಾಳೆ. ಮನೆಗೆ ಒಂದು ಮೂಟೆ ಕಡಲೆಕಾಯಿ ಬರುತ್ತದೆ. ಹಸಿದ ಸಂಸಾರವು ರಾತ್ರಿಯೆಲ್ಲ ಕೂತು ಅದನ್ನು ತಿಂದು ಮುಗಿಸುತ್ತದೆ. ಬೆಳಗ್ಗೆ ಪೋಲೀಸರು ಬರುತ್ತಾರೆ. ಇಷ್ಟರಲ್ಲಿಯೇ ಒಂದು ಜನಾಂಗದ ಹಸಿವೂ ಹಠವೂ ಮಮತೆಯೂ ಅಡಗಿವೆ. ಹುಂಜಕ್ಕಾಗಿ ಊರನ್ನೆಲ್ಲ ಶಪಿಸುವ ಮುದುಕಿಯನ್ನು ನೋಡಿ ಪ್ರೇಕ್ಷಕರಿಗೆ ನಗು ಬರುವುದು ಸಹಜ. ಆ ನಗೆಯನ್ನು ನಟಿಯು ತಡೆಯುವುದಿಲ್ಲ. ಅದನ್ನು ಬರಗೊಟ್ಟು, ಅದರ ಹಿಂದೆಯೇ ಸಾಕವ್ವನಿಗೆ ಆ ಹುಂಜವೆಂದರೆ ಏನೆಂಬುದನ್ನು ತಿಳಿಸುತ್ತಾಳೆ. ಆಗ ನಕ್ಕವನಿಗೆ ತನ್ನ ನಗೆಯೇ ಭಾರವಾಗುತ್ತದೆ. ನಗೆ ಮೊದಲು, ನೋವು ಆಮೇಲೆ ಎಂಬ ಈ ಅನುಕ್ರಮವು ಉಮಾಶ್ರೀಯವರ ಕಲೆಯ ಮೂಲಸೂತ್ರವೆಂದು ಹೇಳಬಹುದು.

ಇಂತಹ ನಟಿಯನ್ನು ಚಲಚ್ಚಿತ್ರವು ಹೇಗೆ ಬಳಸಿಕೊಂಡಿತು? 1984ರಲ್ಲಿ ತೆರೆಕಂಡ ಕಾಶೀನಾಥರ ‘ಅನುಭವ’ದಿಂದ ಜನರು ಇವರನ್ನು ಗುರುತಿಸಿದರು. ಅಲ್ಲಿಂದ ಮುಂದೆ ಅವಕಾಶಗಳಿಗೆ ಕೊರತೆಯಾಗಲಿಲ್ಲ. ಅವಕಾಶಗಳ ವೈವಿಧ್ಯಕ್ಕೆ ಕೊರತೆಯಾಯಿತು. ಎನ್. ಎಸ್. ರಾವ್ ಮೊದಲಾದ ಹಾಸ್ಯನಟರ ಜೋಡಿಯಾಗಿ ಇವರು ಚಿತ್ರದಿಂದ ಚಿತ್ರಕ್ಕೆ ಕಾಣಿಸಿಕೊಂಡರು. ಜಗಳಗಂಟಿ ಹೆಂಡತಿ, ಬಾಯಿಬಡುಕಿ ನೆರೆಯವಳು, ಗಂಡಸಿನ ಮೇಲೆ ಕಣ್ಣಿಟ್ಟ ವಯಸ್ಸು ಮೀರಿದವಳು, ಇಂತಹ ಕೆಲವೇ ಅಚ್ಚುಗಳಲ್ಲಿ ಪಾತ್ರಗಳು ಎರಕವಾಗಿ ಬಂದವು. ಸಂಭಾಷಣೆ ಬಹುಕಡೆ ದ್ವಂದ್ವಾರ್ಥದ್ದು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವಾಗ ಹಿರಿಯರು ಕೆಮ್ಮಿ ಮುಖ ತಿರುಗಿಸುವಂತಹ ಮಾತುಗಳೂ ಅಲ್ಲಿದ್ದುವು.

ಆ ಸಂಭಾಷಣೆಯನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಆದರೆ ಬರೆದವನ ದೋಷವನ್ನು ಆಡಿದವಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ದೃಶ್ಯಗಳನ್ನು ಇಂದು ನಿಧಾನವಾಗಿ ನೋಡಿದರೆ ಎರಡು ಗುಣಗಳು ಕಾಣುತ್ತವೆ. ಮೊದಲನೆಯದು ಕಾಲಜ್ಞಾನ. ಎದುರಿನವನ ಮಾತು ಮುಗಿಯುವುದಕ್ಕೂ ತನ್ನ ಮಾತು ಹೊರಡುವುದಕ್ಕೂ ನಡುವೆ ಎಷ್ಟು ತಡೆಯಬೇಕೆಂಬ ಎಚ್ಚರವನ್ನು ಇವರು ಅಗ್ಗದ ದೃಶ್ಯದಲ್ಲಿಯೂ ಬಿಟ್ಟುಕೊಟ್ಟವರಲ್ಲ. ಎರಡನೆಯದು, ತನ್ನ ಶರೀರದ ವಿಷಯದಲ್ಲಿ ಸಂಕೋಚವಿಲ್ಲದಿರುವುದು. ನಾಯಿಕೆಯು ಸುಂದರವಾಗಿ ಕಾಣಬೇಕೆಂಬ ಭಯದಲ್ಲಿ ಅಭಿನಯದ ಅರ್ಧವನ್ನು ಕಳೆದುಕೊಳ್ಳುತ್ತಾಳೆ. ಉಮಾಶ್ರೀಯವರಿಗೆ ಆ ಭಯವಿಲ್ಲ. ಮೂಗು ಸೊಟ್ಟಗಾಗಲಿ, ಸೆರಗು ಜಾರಲಿ, ದನಿ ಒಡೆಯಲಿ, ಪಾತ್ರಕ್ಕೆ ಬೇಕಾದುದನ್ನು ಶರೀರವು ಕೊಡುತ್ತದೆ.

ಇದಕ್ಕಿಂತ ಮುಖ್ಯವಾದ ಮೂರನೆಯ ಸಂಗತಿಯೊಂದಿದೆ. ಆ ಹಾಸ್ಯಪಾತ್ರಗಳೆಲ್ಲವೂ ಏನನ್ನಾದರೂ ಬಯಸುವ ಹೆಂಗಸರ ಪಾತ್ರಗಳು. ಒಬ್ಬಳಿಗೆ ಸೀರೆ ಬೇಕು, ಒಬ್ಬಳಿಗೆ ತಿಂಡಿ ಬೇಕು, ಒಬ್ಬಳಿಗೆ ಗಂಡಸಿನ ಒಂದು ಒಳ್ಳೆಯ ಮಾತು ಬೇಕು. ಚಿತ್ರವು ನಗಿಸಿದ್ದು ಯಾವುದರ ಮೇಲೆ? ಚೆಲುವೆಯಲ್ಲದ, ಎಳೆಯಳಲ್ಲದ, ಹಣವಂತಳಲ್ಲದ ಹೆಂಗಸು ಆಸೆಪಡುವುದೇ ಹಾಸ್ಯಾಸ್ಪದ ಎಂಬ ಭಾವನೆಯ ಮೇಲೆ. ನಾಯಿಕೆಯ ಆಸೆ ಹಾಡಾಗುತ್ತದೆ. ಇವಳ ಆಸೆ ನಗೆಪಾಟಲಾಗುತ್ತದೆ. ಉಮಾಶ್ರೀಯವರು ಆ ಪಾತ್ರಗಳ ಆಸೆಯನ್ನು ಅಣಕಿಸದೆ ನಿಜವೆಂದೇ ನಂಬಿ ಅಭಿನಯಿಸಿದರು. ಬಂದ ನಗುವಿನ ಕೆಳಗೆ ಒಂದು ಚೂರು ಸತ್ಯವು ಉಳಿದುದು ಹೀಗೆ. ಅದನ್ನು ಕಾಣುವ ಕಣ್ಣು ಬಹಳ ನಿರ್ದೇಶಕರಿಗೆ ಇರಲಿಲ್ಲ.

ಆ ಕಣ್ಣು ಗಿರೀಶ ಕಾಸರವಳ್ಳಿಯವರಿಗಿತ್ತು. ಅವರ ‘ಗುಲಾಬಿ ಟಾಕೀಸ್’ 2008ರಲ್ಲಿ ಬಂದಿತು. ‘ಅನುಭವ’ದಿಂದ ಇಲ್ಲಿಗೆ ಇಪ್ಪತ್ತನಾಲ್ಕು ವರ್ಷ. ವೈದೇಹಿಯವರ ಕಥೆಯೊಂದರಿಂದ ಬೀಜವನ್ನು ತೆಗೆದುಕೊಂಡು ನಿರ್ದೇಶಕರು ಬೇರೊಂದು ಗಿಡವನ್ನೇ ಬೆಳೆಸಿದ್ದಾರೆ. ಕುಂದಾಪುರದ ಕಡೆಯ ಮೀನುಗಾರರ ಊರು. 1990ರ ದಶಕದ ಕೊನೆಯ ವರ್ಷಗಳು. ಗುಲಾಬಿಯು ಮುಸಲ್ಮಾನಳಾದ ಸೂಲಗಿತ್ತಿ. ಗಂಡ ಮೂಸನು ಆಕೆಯನ್ನು ಬಿಟ್ಟು ಎರಡನೆಯ ಹೆಂಡತಿಯೊಡನೆ ಸಂಸಾರ ಮಾಡುತ್ತಿದ್ದಾನೆ. ಒಂಟಿ ಹೆಂಗಸಿಗೆ ಉಳಿದಿರುವ ಒಂದೇ ಹುಚ್ಚು ಸಿನೆಮಾ. ಚಿತ್ರ ನೋಡುತ್ತಿದ್ದವಳನ್ನು ಒಂದು ಹೆರಿಗೆಗಾಗಿ ಎಬ್ಬಿಸಿಕೊಂಡು ಹೋದವರು ಆ ಉಪಕಾರಕ್ಕೆ ಒಂದು ಟೆಲಿವಿಷನ್ ಪೆಟ್ಟಿಗೆಯನ್ನೂ ಅದರ ತಟ್ಟೆಯನ್ನೂ ಆಕೆಯ ಗುಡಿಸಲಿಗೆ ಕೊಡಿಸುತ್ತಾರೆ. ಗಂಡಸರು ಕಡಲಿಗೆ ಹೋದ ಹೊತ್ತಿನಲ್ಲಿ ಊರ ಹೆಂಗಸರು ಅಲ್ಲಿ ನೆರೆಯುತ್ತಾರೆ. ಕೆಲವರು ಒಳಗೆ ಬರುತ್ತಾರೆ; ಕೆಲವರು ಹೊಸ್ತಿಲಾಚೆಯೇ ನಿಂತು ನೋಡುತ್ತಾರೆ; ಕೆಲವರು ಬರುವುದೇ ಇಲ್ಲ. ಗಂಡ ದೂರವಿರುವ, ಅತ್ತೆಯ ಕಾಟಕ್ಕೆ ಸಿಕ್ಕಿದ ನೇತ್ರು ಎಂಬ ಹುಡುಗಿಯು ಗುಲಾಬಿಗೆ ಆಪ್ತಳಾಗುತ್ತಾಳೆ. 1999ರ ಕಾರ್ಗಿಲ್ ಯುದ್ಧದ ಕಾಲದಲ್ಲಿ ಊರಿನೊಳಗೂ ಬಿರುಕು ಕಾಣುತ್ತದೆ. ಯಾಂತ್ರಿಕ ದೋಣಿಗಳ ವ್ಯಾಪಾರದ ಸ್ಪರ್ಧೆಯು ಮತದ ಬಣ್ಣವನ್ನು ತಳೆಯುತ್ತದೆ. ನೇತ್ರುವು ಕಾಣೆಯಾದಾಗ ದೋಷವೆಲ್ಲ ಗುಲಾಬಿಯ ಮೇಲೆ ಬೀಳುತ್ತದೆ. ಸಮಸ್ತ ಊರನ್ನು ತನ್ನ ಕೈಯಲ್ಲಿ ಹೆರಿಗೆ ಮಾಡಿಸಿಕೊಂಡವಳನ್ನು ಬಲಾತ್ಕಾರದಿಂದ ದೋಣಿ ಹತ್ತಿಸಿ ಊರಿನಿಂದ ಕಳುಹಿಸುತ್ತಾರೆ.

ಈ ಪಾತ್ರದಲ್ಲಿ ಉಮಾಶ್ರೀಯವರು ಮಾಡಿರುವ ದೊಡ್ಡ ಕೆಲಸವೆಂದರೆ ಗುಲಾಬಿಯನ್ನು ಮೊದಲಿನಿಂದಲೂ ದುಃಖಿನಿಯನ್ನಾಗಿ ಕಾಣಿಸದಿರುವುದು. ಗಂಡ ಬಿಟ್ಟವಳು, ಮಕ್ಕಳಿಲ್ಲದವಳು, ಅಲ್ಪಸಂಖ್ಯಾತಳು, ಬಡವಳು, ಇವಿಷ್ಟು ಸಾಮಗ್ರಿ ದೊರೆತರೆ ಬೇರೊಬ್ಬ ನಟಿಯು ಮೊದಲ ದೃಶ್ಯದಲ್ಲಿಯೇ ಕಣ್ಣೀರಿಗೆ ತೊಡಗುತ್ತಿದ್ದಳು. ಇಲ್ಲಿಯ ಗುಲಾಬಿ ಸಿನೆಮಾ ಎಂದರೆ ಮಗುವಿನಂತೆ ಹಿಗ್ಗುತ್ತಾಳೆ, ಮುನಿಯುತ್ತಾಳೆ, ಹಠಮಾಡುತ್ತಾಳೆ, ಜಂಬ ಪಡುತ್ತಾಳೆ. ಟೆಲಿವಿಷನ್ ಬಂದಮೇಲೆ ತನ್ನ ಗುಡಿಸಲು ಊರಿನ ನಡುಮನೆಯಾಯಿತೆಂಬ ಸಂಭ್ರಮ ಆಕೆಯ ನಡೆಯಲ್ಲಿಯೇ ಕಾಣುತ್ತದೆ. ಇದೆಲ್ಲವೂ ಹಾಸ್ಯನಟಿಯ ವಿದ್ಯೆ. ವರ್ಷಗಟ್ಟಲೆ ನಗಿಸಿ ಕಲಿತ ಕಾಲಜ್ಞಾನ, ಶರೀರದ ನಿಸ್ಸಂಕೋಚ, ಆಸೆಯನ್ನು ನಂಬಿ ಆಡುವ ಶ್ರದ್ಧೆ ಎಲ್ಲವೂ ಇಲ್ಲಿ ಒಟ್ಟಿಗೆ ಕೆಲಸಕ್ಕೆ ಬಂದಿವೆ. ಪ್ರೇಕ್ಷಕನು ಗುಲಾಬಿಯ ಆಸೆಯಲ್ಲಿ ಮೊದಲು ಪಾಲುಗಾರನಾಗುವುದರಿಂದಲೇ ಆಕೆಯನ್ನು ದೋಣಿಗೆ ಎಳೆಯುವಾಗ ತನ್ನದೇನೋ ಕಿತ್ತುಹೋದಂತೆ ಸಂಕಟಪಡುತ್ತಾನೆ. ಭರತನು ಆಂಗಿಕ, ವಾಚಿಕ, ಆಹಾರ್ಯಗಳೊಡನೆ ಸಾತ್ತ್ವಿಕಾಭಿನಯವನ್ನೂ ಹೇಳಿದ್ದಾನೆ. ಮೊದಲಿನ ಮೂರನ್ನು ಕಲಿಸಬಹುದು. ಸಾತ್ತ್ವಿಕವು ನಟನ ಮನಸ್ಸು ಪಾತ್ರದಲ್ಲಿ ನೆಲೆಸಿದಾಗ ತಾನಾಗಿ ಬರುವುದು. ಗುಲಾಬಿಯಲ್ಲಿ ಅದು ಬಂದಿದೆ. 2007ನೆಯ ಸಾಲಿನ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿಯು ಈ ಪಾತ್ರಕ್ಕೆ ದೊರೆಯಿತು.

ಇದು ನಿರ್ದೇಶಕನ ಗೆಲುವಲ್ಲವೇ ಎಂದು ಕೇಳುವವರಿದ್ದಾರೆ. ನಿರ್ದೇಶಕನ ಪಾಲು ದೊಡ್ಡದೇ. ಆದರೆ ಇಲ್ಲದುದನ್ನು ಯಾವ ನಿರ್ದೇಶಕನೂ ಹೊರತೆಗೆಯಲಾರನು. 2010ರಲ್ಲಿ ಬಂದ ಕಾಸರವಳ್ಳಿಯವರ ಮತ್ತೊಂದು ಚಿತ್ರ ‘ಕನಸೆಂಬೋ ಕುದುರೆಯನೇರಿ’ಯಲ್ಲಿ ಇವರು ಗೋರಿ ತೋಡುವ ಈರ್‍ಯನ ಹೆಂಡತಿ ರುದ್ರಿಯಾಗಿದ್ದಾರೆ. ಅಮರೇಶ ನುಗಡೋಣಿಯವರ ‘ಸವಾರಿ’ ಅದರ ಮೂಲಕಥೆ. ಅಲ್ಲಿ ಎದುರಿಗೆ ನಿಂತವರು ವೈಜನಾಥ ಬಿರಾದಾರರು. ಅವರೂ ಹಾಸ್ಯದ ಚಿಲ್ಲರೆ ಪಾತ್ರಗಳಲ್ಲಿ ಬಹುಕಾಲ ಕಳೆದವರೇ. ಕನಸನ್ನು ನಂಬಿ ಬದುಕುವ ಬಡ ದಂಪತಿಗಳ ಆ ಚಿತ್ರವನ್ನು ಇಬ್ಬರು ಹಾಸ್ಯನಟರು ಹೊತ್ತು ನಿಂತಿದ್ದಾರೆಂಬುದು ಆಲೋಚಿಸತಕ್ಕ ವಿಷಯ. ಸಾಕವ್ವನ ಮಾತು ಮೈಸೂರು ಸೀಮೆಯ ಕೇರಿಯದು, ಗುಲಾಬಿಯದು ಕರಾವಳಿಯದು, ರುದ್ರಿಯದು ಬಡಗಣ ಬಯಲುಸೀಮೆಯದು. ಮೂರು ಸೀಮೆಯ ಮೂವರು ಹೆಂಗಸರು ಒಬ್ಬ ನಟಿಯ ಕೊರಳಿನಲ್ಲಿ ಬೇರೆಬೇರೆಯಾಗಿಯೇ ಉಳಿದಿದ್ದಾರೆ.

ಗುಲಾಬಿಯ ಕಥೆಯ ಕೊನೆಯನ್ನು ಇಲ್ಲಿ ನೆನೆಯಬೇಕು. ಗುಲಾಬಿಯನ್ನು ಕಳುಹಿಸಿದವರು ಟೆಲಿವಿಷನ್ ಮಾತ್ರ ಅಲ್ಲಿಯೇ ಇರುತ್ತದೆಂದು ಊರವರಿಗೆ ಭರವಸೆ ಕೊಡುತ್ತಾರೆ. ಗುಲಾಬಿ ಇದ್ದಷ್ಟು ದಿನ ಆ ಮನೆಯ ಹೊಸ್ತಿಲು ದಾಟದಿದ್ದ ಇಬ್ಬರು ಮುದುಕಿಯರು ಆಕೆ ಹೋದಮೇಲೆ ಒಳಗೆ ಬಂದು ಕೂತು ನೋಡುತ್ತಾರೆ. ಪೆಟ್ಟಿಗೆ ಬೇಕು, ಪೆಟ್ಟಿಗೆಯ ಒಡತಿ ಬೇಡ. ಈ ಮಾತು ಕಲಾವಿದೆಯ ಪಾಲಿಗೂ ಸಲ್ಲುವಂತಿದೆ. ಜನಕ್ಕೆ ಬಹುಕಾಲ ಇವರು ಕೊಡುವ ನಗೆ ಬೇಕಾಗಿತ್ತು. ನಗೆಯ ಹಿಂದಿನ ಕಲಾವಿದೆ ಬೇಕಾಗಿರಲಿಲ್ಲ.

ವಿಧಿಯ ಚಮತ್ಕಾರವೆಂಬಂತೆ, ಅದೇ ಟೆಲಿವಿಷನ್ ಪೆಟ್ಟಿಗೆಯು ಇವರನ್ನು ಮುಂದೆ ಮನೆಮನೆಗೂ ಕರೆದೊಯ್ದಿತು. 2021ರ ಡಿಸೆಂಬರಿನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಇವರು ಮೂವರು ಹೆಣ್ಣುಮಕ್ಕಳನ್ನು ಹೋಟೆಲಿನ ದುಡಿಮೆಯಿಂದ ಸಾಕುವ ತಾಯಿಯಾದರು. ಹಿಂದೆ ಮುಖ ತಿರುಗಿಸಿದ್ದ ಹಿರಿಯರೇ ಪುಟ್ಟಕ್ಕನಿಗಾಗಿ ಊಟದ ಹೊತ್ತನ್ನು ಬದಲಿಸಿಕೊಂಡರು. ಆದರೆ ವಿಮರ್ಶೆಯು ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಪುಟ್ಟಕ್ಕನು ಸಹಿಸುವವಳು, ಕ್ಷಮಿಸುವವಳು, ಮಕ್ಕಳ ಸುಖದ ಹೊರತು ಬೇರೆ ಬಯಕೆಯಿಲ್ಲದವಳು. ಆಸೆಪಟ್ಟು ನಗೆಗೀಡಾದ ಹೆಂಗಸು ಆಸೆಯನ್ನು ತೊರೆದಮೇಲೆ ಪೂಜೆಗೆ ಪಾತ್ರಳಾಗುವುದಾದರೆ, ಸಮಾಜದ ದೃಷ್ಟಿ ಬದಲಾಯಿತೆಂದು ಹೇಳುವುದು ಹೇಗೆ? ಧಾರಾವಾಹಿಯ ದಿನಚರಿಯು ಕಣ್ಣೀರನ್ನು ಹೆಚ್ಚಾಗಿ ಬೇಡುತ್ತದೆ. ಅದರ ನಡುವೆಯೂ ಆಗಾಗ ಪುಟ್ಟಕ್ಕನ ಬಾಯಿಂದ ಹೊರಡುವ ಒಂದು ಕಟುವಾದ, ಚುರುಕಾದ ಮಾತಿನಲ್ಲಿ ಹಳೆಯ ನಟಿಯು ಜೀವಂತವಾಗಿ ಕಾಣಿಸಿಕೊಳ್ಳುತ್ತಾಳೆ.

ಉಮಾಶ್ರೀಯವರು ರಾಜಕೀಯದಲ್ಲಿಯೂ ದುಡಿದವರು. 2013ರಲ್ಲಿ ತೇರದಾಳದಿಂದ ವಿಧಾನಸಭೆಗೆ ಆಯ್ಕೆಯಾಗಿ 2018ರವರೆಗಿನ ಸರಕಾರದಲ್ಲಿ ಮಂತ್ರಿಣಿಯಾಗಿದ್ದರು. ಆ ಕೆಲಸದ ಗುಣದೋಷಗಳ ವಿಚಾರ ಈ ಲೇಖನದ್ದಲ್ಲ. ಅಧಿಕಾರವನ್ನು ಕಂಡ ಮೇಲೂ ಇವರು ರಂಗಕ್ಕೆ ಹಿಂದಿರುಗಿದರೆಂಬುದಷ್ಟೇ ಇಲ್ಲಿ ಮುಖ್ಯ. ಬೇಲೂರು ರಘುನಂದನರು ಬರೆದು ಚಿದಂಬರರಾವ್ ಜಂಬೆಯವರು ನಿರ್ದೇಶಿಸಿದ ‘ಶರ್ಮಿಷ್ಠೆ’ಯಲ್ಲಿ ಇವರು ರಂಗದ ಮೇಲೆ ಒಬ್ಬರೇ ನಿಲ್ಲುತ್ತಾರೆ. ರಾಜಕುಮಾರಿಯಾಗಿ ಹುಟ್ಟಿ ದಾಸಿಯಾದ, ಯಯಾತಿಯನ್ನು ಬಯಸಿದ, ಆ ಬಯಕೆಯ ಬೆಲೆಯನ್ನು ತೆತ್ತ ಪುರಾಣದ ಹೆಂಗಸು ಶರ್ಮಿಷ್ಠೆ. ಸಾಕವ್ವನ ಹುಂಜದಿಂದ ಶರ್ಮಿಷ್ಠೆಯ ಪ್ರೇಮದವರೆಗೆ ವಿಷಯವು ಒಂದೇ. ಹೆಂಗಸು ತನಗೊಂದು ಬೇಕೆಂದು ಹೇಳಿದಾಗ ಲೋಕವು ಆಕೆಗೆ ಏನು ಮಾಡುತ್ತದೆಂಬುದೇ ಆ ವಿಷಯ.

ಆದುದರಿಂದ ಇವರ ಹಾಸ್ಯವನ್ನು ಕ್ಷಮಿಸಿ ಗಾಂಭೀರ್ಯವನ್ನು ಹೊಗಳುವ ವಾಡಿಕೆಯನ್ನು ಬಿಡುವುದು ಒಳ್ಳೆಯದು. ಎರಡು ಕಡೆಯೂ ಇರುವುದು ಒಬ್ಬಳೇ ನಟಿ, ಒಂದೇ ಸಾಮಗ್ರಿ. ಬೇರೆಯಾಗಿದ್ದುದು ಬರೆಯುವವರ ಮತ್ತು ನೋಡುವವರ ದೃಷ್ಟಿ. ‘ಅನುಭವ’ಕ್ಕೂ ‘ಗುಲಾಬಿ ಟಾಕೀಸ್’ಗೂ ನಡುವಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಎಷ್ಟು ಗುಲಾಬಿಯರು ಬರಬಹುದಾಗಿತ್ತೋ, ಅವರಾರೂ ಇನ್ನು ಬರಲಾರರು. ಇಂದಿಗೂ ಕನ್ನಡದಲ್ಲಿ ನಲವತ್ತು ದಾಟಿದ ನಟಿಯರಿಗೆ ತಾಯಿಯ ಪಾತ್ರವೋ ಜಗಳಗಂಟಿಯ ಪಾತ್ರವೋ ಎಂಬ ಎರಡೇ ಬಾಗಿಲು ತೆರೆದಿವೆ. ಕಥೆ ಬರೆಯುವವರು ಮೂರನೆಯದನ್ನು ತೆರೆಯಬೇಕು. ಓದುವ ಮನೆಗಳು ಅಂತಹ ನಾಟಕಕ್ಕೂ ಚಿತ್ರಕ್ಕೂ ಟಿಕೀಟು ಕೊಂಡು ಹೋಗಬೇಕು. ಗುಲಾಬಿಯ ಗುಡಿಸಲಿನ ಹೊಸ್ತಿಲನ್ನು ಆಕೆ ಒಳಗಿರುವಾಗಲೇ ದಾಟುವುದು ಮೇಲು.