ಕೆಂಪು ಕಾಲುಚೀಲ ಮತ್ತು ಕ್ಯಾಡಿಸ್ ಹುಳು

ನೆಲದ ಮೇಲಿನ ಹೆಣಕ್ಕೆ ನೊಣ ಮುತ್ತಿ ಮೊಟ್ಟೆಯಿಡುತ್ತದೆ. ಮರಿಹುಳುಗಳ ವಯಸ್ಸಿನಿಂದ ಸಾವಿನ ಹೊತ್ತನ್ನು ಅಂದಾಜು ಮಾಡಬಹುದು. ಹೆಣವನ್ನೇ ನಂಬಿ ಬದುಕುವ ಅಂಥ ಕೀಟ ಹೊಳೆಯಲ್ಲಿಲ್ಲ. ಹಾಗಾದರೆ ನೀರಿನ ಹುಳುಗಳ ಸಾಕ್ಷ್ಯಕ್ಕೆ ಬೆಲೆಯೇನು ಎಂಬ ಪ್ರಶ್ನೆ ಸಹಜ. ಅವುಗಳ ಪಾಲಿಗೆ ಹೆಣವೂ ಹೊಳೆಯ ಕಲ್ಲುಗಳಂತೆ ಅಂಟಿ ಕೂರಲು ಮುಖ್ಯವಾಗಿ ಒಂದು ಆಸರೆ. ನನಗೆ ಬೆಲೆ ಕಾಣುವುದು ಈ ನಿರ್ಲಿಪ್ತತೆಯಲ್ಲೇ. ಕ್ಯಾಡಿಸ್ ಎಂಬ ನೀರಿನ ಕೀಟದ ಮರಿಹುಳು ರೇಷ್ಮೆಯೆಳೆ ತೆಗೆದು ಮರಳು, ಕಡ್ಡಿ, ಎಲೆಚೂರು, ಹೀಗೆ ಸಿಕ್ಕಿದ್ದನ್ನು ಬೆಸೆದು ಮೈಗೊಂದು ಗೂಡು ಕಟ್ಟಿಕೊಳ್ಳುತ್ತದೆ. ಅಮೆರಿಕದ ಒಂದು ಪ್ರಕರಣದಲ್ಲಿ ಶವದ ಕೆಂಪು ಕಾಲುಚೀಲದ ನೂಲೆಳೆಗಳು ಇಂಥ ಗೂಡಿನೊಳಗೆ ಸೇರಿಕೊಂಡಿದ್ದವು. ಆ ಕೆಂಪು ಎಳೆ ಗೂಡಿನ ಯಾವ ಭಾಗದಲ್ಲಿದೆ ಎಂದು ನೋಡಿದರೆ, ಹುಳು ಶವದ ಬಳಿಗೆ ಬಂದಾಗ ಎಷ್ಟು ಕಟ್ಟಿತ್ತು, ಬಂದ ಮೇಲೆ ಎಷ್ಟು ಕಟ್ಟಿತು ಎಂದು ಲೆಕ್ಕ ಹಾಕಬಹುದು.

ತಣ್ಣೀರಿನಲ್ಲಿ ಹುಳು ನಿಧಾನ ಬೆಳೆಯುತ್ತದೆ, ಪ್ರವಾಹ ಗೂಡನ್ನೇ ಕಿತ್ತೊಯ್ಯಬಹುದು ಎಂಬ ಆಕ್ಷೇಪ ನಿಜ. ಅದಕ್ಕೇ ಬಲ್ಲವರು ನೀರಿನ ಉಷ್ಣಾಂಶ ಅಳೆದು, ಅದೇ ಹೊಳೆಯ ಕಲ್ಲುಗಳ ಮೇಲಿನ ಹುಳುಗಳೊಡನೆ ಹೋಲಿಸುತ್ತಾರೆ. ಅವರು ಹೇಳುವುದೂ ಸಾವಿನ ದಿನವನ್ನಲ್ಲ. ದೇಹ ಕನಿಷ್ಠ ಎಷ್ಟು ಕಾಲ ನೀರಿನಲ್ಲಿತ್ತು ಎಂಬುದನ್ನು ಮಾತ್ರ. ಆದರೆ ದೇಹ ನೀರಿಗೆ ಸೇರಿತೆಂದು ಆರೋಪಿ ಹೇಳುವ ದಿನಕ್ಕಿಂತ ಆ ಕನಿಷ್ಠ ಅವಧಿ ಹಿಂದಕ್ಕೆ ಹೋದರೆ, ಅವನ ಹೇಳಿಕೆ ನಿಲ್ಲುವುದಿಲ್ಲ.