ಮುಗಿಯದ ಅಲೆ, ಸವೆಯದ ದಂಡೆ

ಕೆಲವೇ ಸೆಕೆಂಡುಗಳ ಕಡಲೊಂದು ಈಗ ಎಲ್ಲೆಡೆ ಕಾಣಸಿಗುತ್ತದೆ. ಮೊಬೈಲ್ ಪರದೆಯಲ್ಲಿ, ಹೋಟೆಲಿನ ಗೋಡೆಯ ಟಿ.ವಿ.ಯಲ್ಲಿ, ಮಕ್ಕಳ ಕಂಪ್ಯೂಟರ್ ಆಟದಲ್ಲಿ ನೀಲಿ ಅಲೆ ಏಳುತ್ತದೆ, ಬಾಗುತ್ತದೆ, ನೊರೆ ಚೆಲ್ಲುತ್ತದೆ, ಮತ್ತೆ ಏಳುತ್ತದೆ. ಎಲ್ಲಿ ಮುಗಿಯಿತು, ಎಲ್ಲಿ ಆರಂಭವಾಯಿತು ಎಂಬುದು ತಿಳಿಯುವುದಿಲ್ಲ. ತಿಳಿಯದಿರುವುದೇ ಅದರ ಹೆಚ್ಚುಗಾರಿಕೆ. 'ಲೂಪ್' ಎಂದು ಕರೆಯಲಾಗುವ ಈ ಸುತ್ತುಚಿತ್ರಗಳನ್ನು ಕಲೆಯೆಂದು ನೋಡುವವರು ಕಡಿಮೆ. ಆದರೆ ದಿನಕ್ಕೆ ಹತ್ತು ಬಾರಿ ಕಣ್ಣಿಗೆ ಬೀಳುವ ಚಿತ್ರವು ನಮ್ಮ ನೋಟವನ್ನು ರೂಪಿಸದೆ ಬಿಡುವುದಿಲ್ಲ. ಆದ್ದರಿಂದ ಅದನ್ನೂ ವಿಮರ್ಶೆಯ ಒರೆಗೆ ಹಚ್ಚಬೇಕಾಗಿದೆ.

ಮೊದಲು ಅದರ ಹಿಂದಿನ ದುಡಿಮೆಯನ್ನು ಗೌರವಿಸೋಣ. 'ಕ್ರಿಟಾ' ಎಂಬ ಉಚಿತ ಚಿತ್ರಕಲಾ ತಂತ್ರಾಂಶದ 2016ರ ಆವೃತ್ತಿಯಿಂದ ಅನಿಮೇಷನ್ ಸೌಲಭ್ಯವಿದೆ. ಸೆಕೆಂಡಿಗೆ 12 ಚಿತ್ರಗಳಂತೆ ಎರಡು ಸೆಕೆಂಡಿನ ಅಲೆಗೆ 24 ಚಿತ್ರ ಬಿಡಿಸಬೇಕು. ಹಿಂದಿನ ಮತ್ತು ಮುಂದಿನ ಚಿತ್ರಗಳು ಮಸುಕಾಗಿ ಕಾಣುವಂತೆ ಇಟ್ಟುಕೊಂಡು ನಡುವಿನದನ್ನು ಬರೆಯುತ್ತಾರೆ. ಹೊಸಬರು ಎಡವುವುದು ಕೊನೆಯಲ್ಲಿ. ಸುತ್ತು ಕೂಡಿಕೊಳ್ಳಲೆಂದು ಮೊದಲ ಚಿತ್ರವನ್ನೇ ಕೊನೆಗೂ ಅಂಟಿಸುತ್ತಾರೆ. ಆಗ ಒಂದೇ ಚಿತ್ರ ಬೆನ್ನುಬೆನ್ನಿಗೆ ಎರಡು ಬಾರಿ ಬಂದು, ಅಲೆ ಪ್ರತಿ ಸುತ್ತಿನಲ್ಲೂ ಕ್ಷಣಕಾಲ ತಡವರಿಸುತ್ತದೆ. 24ನೆಯ ಚಿತ್ರ ಮೊದಲನೆಯದರ ನಕಲಾಗಿರಬಾರದು. ಅದಕ್ಕಿಂತ ಒಂದು ಹೆಜ್ಜೆ ಹಿಂದಿರಬೇಕು. ಇಷ್ಟು ಸಣ್ಣ ಸಂಗತಿಗೆ ಎಷ್ಟೋ ಸಂಜೆಗಳು ಹೋಗುತ್ತವೆ.

ಈ ಸುತ್ತು ಕಂಪ್ಯೂಟರಿನ ಕೊಡುಗೆಯೂ ಅಲ್ಲ. ಬೆಲ್ಜಿಯಂನ ವಿಜ್ಞಾನಿ ಜೋಸೆಫ್ ಪ್ಲಾಟೊ 1832ರಲ್ಲಿ ಒಂದು ತಟ್ಟೆಯ ಅಂಚಿನುದ್ದಕ್ಕೂ ಚಿತ್ರಗಳನ್ನು ಬರೆದು, ತಿರುಗಿಸಿ, ಸೀಳುಗಳ ಮೂಲಕ ಕನ್ನಡಿಯಲ್ಲಿ ನೋಡುವ ಸಾಧನ ಮಾಡಿದ್ದರು. ತಟ್ಟೆ ದುಂಡಗಿದ್ದುದರಿಂದ ಕೊನೆಯ ಚಿತ್ರದ ಪಕ್ಕದಲ್ಲೇ ಮೊದಲನೆಯದು ಇತ್ತು. ಅಂದರೆ ಚಲಿಸುವ ಚಿತ್ರ ಹುಟ್ಟಿದ್ದೇ ಸುತ್ತಾಗಿ. ಆದಿ ಅಂತ್ಯಗಳುಳ್ಳ ಸಿನಿಮಾ ಆಮೇಲೆ ಬಂದದ್ದು.

ಹಾಗಾದರೆ ಸುತ್ತುವ ಅಲೆ ಸುಳ್ಳೇ? ಪೂರ್ತಿ ಸುಳ್ಳಲ್ಲ. 1802ರಲ್ಲಿ ಪ್ರಾಗ್ ನಗರದ ಗಣಿತಜ್ಞ ಗೆರ್ಸ್ಟ್ನರ್ ಆಳದ ನೀರಿನ ಅಲೆಗೆ ಒಂದು ಲೆಕ್ಕ ಕೊಟ್ಟರು. ಅದರ ಪ್ರಕಾರ ಅಲೆ ಮುಂದಕ್ಕೆ ಸಾಗಿದರೂ ನೀರು ಸಾಗುವುದಿಲ್ಲ. ಪ್ರತಿ ಕಣವೂ ಒಂದು ವೃತ್ತದಲ್ಲಿ ಸುತ್ತಿ ಹೊರಟಲ್ಲಿಗೇ ಮರಳುತ್ತದೆ. ನಡುಗಡಲಿನಲ್ಲಿ ತೇಲುವ ತೆಂಗಿನಕಾಯಿ ಅಲೆಯ ಬೆನ್ನೇರಿ ಓಡಿಹೋಗದೆ, ಇದ್ದಲ್ಲೇ ಏರಿಳಿಯುವುದು ಇದರಿಂದಲೇ. ಸುತ್ತುಚಿತ್ರ ಬಿಡಿಸುವವರು ತಿಳಿದೋ ತಿಳಿಯದೆಯೋ ಈ ಸತ್ಯವನ್ನೇ ಬಿಡಿಸುತ್ತಿದ್ದಾರೆ.

ಆದರೂ ಕಡಲಿನಲ್ಲಿ ಅಲೆ ಒಂದೇ ಬಗೆಯದಲ್ಲ. ಆಳದ ನೀರಿನಲ್ಲಿ ಆರು ಸೆಕೆಂಡಿಗೊಮ್ಮೆ ಏಳುವ ಅಲೆಯ ಉದ್ದ ಸುಮಾರು 56 ಮೀಟರ್, ಮೂರು ಸೆಕೆಂಡಿನದು 14 ಮೀಟರ್. ಉದ್ದದ ಅಲೆ ವೇಗವಾಗಿ ಓಡುತ್ತದೆ, ಗಿಡ್ಡ ಅಲೆ ಹಿಂದುಳಿಯುತ್ತದೆ. ಹೀಗೆ ಅಸಂಖ್ಯ ಅಲೆಗಳು ಒಂದರ ಮೇಲೊಂದು ಹಾಯುವುದರಿಂದ ನಿಜವಾದ ಕಡಲು ಒಮ್ಮೆ ತೋರಿದ ಮುಖವನ್ನು ಮತ್ತೆ ತೋರುವುದಿಲ್ಲ. ಕಂಪ್ಯೂಟರಿನಲ್ಲಿ ಕಡಲನ್ನು ಲೆಕ್ಕದಿಂದ ಕಟ್ಟುವ ವಿಧಾನವನ್ನು ವಿವರಿಸಿ ಹೆಸರಾದ ಜೆರ್ರಿ ಟೆಸೆಂಡಾರ್ಫ್ ಇದಕ್ಕೂ ಒಂದು ಉಪಾಯ ಹೇಳಿದ್ದಾರೆ. ಪ್ರತಿಯೊಂದು ಅಲೆಯ ಲಯವನ್ನೂ ತುಸು ತಿದ್ದಿ, ನಿಗದಿತ ಅವಧಿಯೊಳಗೆ ಅದು ಪೂರ್ಣ ಸಂಖ್ಯೆಯ ಸುತ್ತು ಮುಗಿಸುವಂತೆ ಮಾಡುವುದು. ಆಗ ಎಲ್ಲ ಅಲೆಗಳೂ ಒಟ್ಟಿಗೆ ಆರಂಭದ ಗೆರೆಗೆ ಮರಳುತ್ತವೆ. ತಿದ್ದುಪಡಿ ಅತ್ಯಲ್ಪ, ಕಣ್ಣಿಗೆ ಗೊತ್ತಾಗುವುದಿಲ್ಲ. ಇಂಥ ಜಾಣ್ಮೆಯನ್ನು ನಾವು ಮೆಚ್ಚಲೇಬೇಕು.

ನಮ್ಮ ತಕರಾರು ಇರುವುದು ಬೇರೆ ಕಡೆ. ಜಪಾನಿನ ಹೊಕುಸಾಯ್ 1831ರ ಸುಮಾರಿಗೆ ರಚಿಸಿದ ಮಹಾ ಅಲೆಯ ಮುದ್ರಣಚಿತ್ರವನ್ನು ನೋಡದವರು ವಿರಳ. ಇದಕ್ಕೆ ಚಲನೆ ಕೊಟ್ಟ ಸುತ್ತುಚಿತ್ರಗಳೂ ಬೇಕಾದಷ್ಟಿವೆ. ಮೂಲಚಿತ್ರದಲ್ಲಿ ಮೂರು ದೋಣಿಗಳಿವೆ. ಹುಟ್ಟುಹಾಕುವವರು ಬಾಗಿ ದೋಣಿಗೆ ಅಂಟಿಕೊಂಡಿದ್ದಾರೆ. ಅವರ ತಲೆಯ ಮೇಲೆ ಅಲೆ ಪಂಜದಂತೆ ಬೆರಳು ಚಾಚಿದೆ. ಮುಂದಿನ ಗಳಿಗೆಯಲ್ಲಿ ಏನಾಗುತ್ತದೆ? ಆ ಪ್ರಶ್ನೆಯೇ ಚಿತ್ರದ ಜೀವ. ಸುತ್ತುಚಿತ್ರದಲ್ಲಾದರೋ ಅಲೆ ಓಲಾಡುತ್ತದೆ, ದೋಣಿಗಳು ತೊಟ್ಟಿಲಿನಂತೆ ತೂಗುತ್ತವೆ. ಅಲೆ ಬೀಳುವುದೇ ಇಲ್ಲವೆಂದು ಎರಡನೆಯ ಸುತ್ತಿಗೇ ನಮಗೆ ತಿಳಿದುಬಿಡುತ್ತದೆ. ಆಮೇಲೆ ದೋಣಿಯಲ್ಲಿರುವವರನ್ನು ಯಾರೂ ನೋಡುವುದಿಲ್ಲ. ನಿಂತ ಚಿತ್ರದಲ್ಲಿ ಇದ್ದ ಚಲನೆ, ಚಲಿಸುವ ಚಿತ್ರದಲ್ಲಿ ಸತ್ತುಹೋಯಿತು.

ದಂಡೆಗೆ ಬಂದರಂತೂ ಸುತ್ತಿನ ಲೆಕ್ಕವೇ ತಪ್ಪುತ್ತದೆ. ನೀರಿನ ಆಳವು ಅಲೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದಾಗ ಅಲೆಗೆ ನೆಲ ತಾಗತೊಡಗುತ್ತದೆ. ಅದು ನಿಧಾನವಾಗುತ್ತದೆ, ಎತ್ತರ ಏರುತ್ತದೆ, ಕೊನೆಗೆ ಮುಗ್ಗರಿಸಿ ಒಡೆಯುತ್ತದೆ. ಒಡೆದ ನೀರು ವೃತ್ತದಲ್ಲಿ ಸುತ್ತುವುದಿಲ್ಲ. ಮರಳನ್ನು ತರುತ್ತದೆ, ಇಲ್ಲವೇ ಒಯ್ಯುತ್ತದೆ. ಯಾವ ಅಲೆಯೂ ದಂಡೆಯನ್ನು ತಾನು ಕಂಡ ಹಾಗೆಯೇ ಬಿಟ್ಟುಹೋಗುವುದಿಲ್ಲ. ಆದರೆ ಅತ್ಯಂತ ಜನಪ್ರಿಯ ಸುತ್ತುಚಿತ್ರಗಳು ದಂಡೆಯವೇ! ಅಲ್ಲಿ ಸಾವಿರ ಅಲೆ ಬಡಿದರೂ ಮರಳಿನ ಒಂದು ಕಣ ಕದಲುವುದಿಲ್ಲ.

ಇದು ಬರೀ ಸೌಂದರ್ಯದ ಚರ್ಚೆಯಲ್ಲ ಎಂಬುದು ನಮ್ಮ ಕರಾವಳಿಯ ಓದುಗರಿಗೆ ಗೊತ್ತು. ಉಳ್ಳಾಲ, ಸೋಮೇಶ್ವರ ಉಚ್ಚಿಲದ ಕಡೆ ಮಳೆಗಾಲದ ಕಡಲ್ಕೊರೆತ ಮನೆಗಳನ್ನು, ರಸ್ತೆಯನ್ನು, ತೆಂಗಿನ ಮರಗಳನ್ನು ನುಂಗಿದೆ. ಬಂಡೆಗಲ್ಲು ಸುರಿದದ್ದೂ ಆಗಿದೆ, ಕಲ್ಲು ಜಾರಿ ಕಡಲು ಸೇರಿದ್ದೂ ಆಗಿದೆ. ಅಲ್ಲಿನ ಮನೆಯೊಡತಿಗೆ ಪ್ರತಿ ಅಲೆಯೂ ಹಿಂದಿನದಕ್ಕಿಂತ ಒಂದು ಗೇಣು ಹತ್ತಿರ. ಅದೇ ಕಡಲನ್ನು ಎಂದೂ ಮುಗಿಯದ, ಯಾರಿಗೂ ತಾಗದ ನೀಲಿ ಜೋಗುಳವಾಗಿ ನೋಡಿ ಅಭ್ಯಾಸವಾದ ಕಣ್ಣಿಗೆ ಆಕೆಯ ಭಯ ಅರ್ಥವಾದೀತೇ? ಸುತ್ತುಚಿತ್ರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಏನೂ ಆಗಿಲ್ಲ, ಏನೂ ಆಗುವುದಿಲ್ಲ ಎಂಬ ನೆಮ್ಮದಿಯನ್ನು ಅದು ಮಾರುತ್ತದೆ.

ಅನಿಮೇಷನ್ನಿಗೆ ಬೇರೆ ದಾರಿ ಇಲ್ಲವೆಂದಲ್ಲ. ಹಯಾವೊ ಮಿಯಾಝಾಕಿಯವರ 2008ರ 'ಪೋನ್ಯೊ' ಚಿತ್ರದ ಅಲೆಗಳನ್ನು ಕಾಗದದ ಮೇಲೆ ಕೈಯಲ್ಲೇ ಬಿಡಿಸಲಾಯಿತು. ಆ ಅಲೆಗಳು ನಿಜದ ನೀರಿನಂತೆ ಕಾಣುವುದಿಲ್ಲ. ಕಣ್ಣುಳ್ಳ ದೈತ್ಯ ಮೀನುಗಳಂತೆ ಕಾಣುತ್ತವೆ. ಆದರೆ ಅವು ರಸ್ತೆಯ ಪಕ್ಕದಲ್ಲಿ ಉಕ್ಕಿ ಕಾರನ್ನು ಬೆನ್ನಟ್ಟುತ್ತವೆ, ಮಾರನೆಯ ದಿನ ಊರು ನೀರಿನಡಿ ಇರುತ್ತದೆ. ಮಕ್ಕಳ ಚಿತ್ರವಾದರೂ ಅಲ್ಲಿ ಅಲೆಗೆ ಪರಿಣಾಮವಿದೆ. ಲೆಕ್ಕಕ್ಕೆ ನಿಖರವಾದ ಎಷ್ಟೋ ಕಡಲುಗಳಿಗಿಂತ ಆ ಮೀನಿನ ಕಣ್ಣಿನ ಕಡಲು ಹೆಚ್ಚು ನಿಜವೆನಿಸುವುದು ಈ ಕಾರಣಕ್ಕೆ.

ನಮ್ಮ ಹುಡುಗ ಹುಡುಗಿಯರ ಕೈಗೆ ಈಗ ಉಚಿತ ತಂತ್ರಾಂಶ ಬಂದಿದೆ. ಸಂತೋಷದ ಸಂಗತಿ. ಅವರು ನಡುಗಡಲನ್ನು ಬಿಡಿಸುವುದಾದರೆ ಸುತ್ತಾಗಿಯೇ ಬಿಡಿಸಲಿ. ಅಲ್ಲಿ ನೀರಿನ ಸ್ವಭಾವವೇ ಸುತ್ತುವುದು. ದಂಡೆಯನ್ನು ಬಿಡಿಸುವಾಗ ಮಾತ್ರ ಸುತ್ತಿನ ಮೋಹ ಬಿಡಲಿ. ಹನ್ನೆರಡು ಸೆಕೆಂಡಿನ ಚಿತ್ರವೇ ಆಗಲಿ, ಅದಕ್ಕೊಂದು ಕೊನೆ ಇರಲಿ. ಅಲೆ ಹಿಂದೆ ಸರಿದಾಗ ಮರಳಿನ ಗೆರೆ ಮೊದಲಿದ್ದ ಜಾಗದಲ್ಲಿ ಇಲ್ಲದಿರಲಿ.